ತಗಡಿನ ಮೂರನೇ ಕಂಬ

ನಮ್ಮ ಮನೆಯ ಅಂಗಳದಲ್ಲಿ ಕೊಬ್ಬರಿ ಹರವಿರುವಾಗ ಮೋಡ ಕಟ್ಟಿದರೆ ನಾವು ಅದರ ಮೇಲೆ ಕಾಡು ಹೊದಿಸುತ್ತೇವೆ. ಹೊಸದಾಗಿ ಕೆಲಸಕ್ಕೆ ಬಂದವರಿಗೆ "ಒಳಗೆ ಕಾಡೈತೆ, ತಗಂಡು ಬಾ" ಎಂದರೆ ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡುತ್ತಾರೆ. ಆಮೇಲೆ ಒಳಗೆ ಹೋಗಿ, ಸುತ್ತಿಟ್ಟ ಹಳೆಯ ನಾಟಕದ ಪರದೆಯೊಂದನ್ನು ಕಂಡು ಸಮಾಧಾನವಾಗಿ ಹೊತ್ತು ತರುತ್ತಾರೆ. ಅದರಲ್ಲಿ ಯಾವ ಜಾತಿಗೂ ಸೇರದ ಒಂದಿಷ್ಟು ಮರ, ಒಂದು ಜಲಪಾತ, ಎರಡು ಜಿಂಕೆ ಮತ್ತು ಒಂದು ಹುಲಿ ಇವೆ. ಹುಲಿಗೂ ಮುಂದಿನ ಜಿಂಕೆಗೂ ನಡುವೆ ಎರಡು ಗೇಣು ದೂರ. ನನಗೆ ಬುದ್ಧಿ ಬಂದಾಗಿನಿಂದ ಹುಲಿ ಆ ಎರಡು ಗೇಣನ್ನು ದಾಟಿಲ್ಲ.

ಹೋದ ತಿಂಗಳು ನನ್ನ ಮಗ ನೀಲಿ ಬಣ್ಣದ ಪ್ಲಾಸ್ಟಿಕ್ ಟಾರ್ಪಾಲು ತಂದು, "ಅವ್ವ, ಇನ್ನಾದ್ರೂ ಆ ಹಳೇದನ್ನ ಬಿಸಾಕು" ಎಂದ. ಬಿಸಾಕುವ ಮೊದಲು ಒಂದು ಸಲ ಝಾಡಿಸೋಣವೆಂದು ಬಿಡಿಸಿದೆ. ಬಿಸಾಕಬೇಕೆಂದು ಬಿಡಿಸಿದ ಯಾವ ವಸ್ತುವನ್ನೂ ನಾನು ಈವರೆಗೆ ಬಿಸಾಕಿಲ್ಲ. ಈಗ ಟಾರ್ಪಾಲು ಅಟ್ಟದ ಮೇಲಿದೆ, ಕಾಡು ಅಂಗಳದಲ್ಲಿದೆ, ನಾನು ಕೊಬ್ಬರಿ ಕಾಯುವ ನೆವದಲ್ಲಿ ಇದನ್ನು ಬರೆಯುತ್ತ ಕೂತಿದ್ದೇನೆ.

ಈ ಕಾಡು ಬಂದದ್ದು ತಗಡಿನಿಂದ. ತಗಡು ಎಂದರೆ ಹೊಸದುರ್ಗದ ನಾಟಕ ಮಂದಿರ. ಅದಕ್ಕೆ ಸರಿಯಾದ ಹೆಸರು ಇಟ್ಟಿರಲಿಲ್ಲ ಎಂದಲ್ಲ. ಬಾಗಿಲ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸಿದ್ದರು. ಹೆಸರು ಉದ್ದವಾಗಿ ಕೊನೆಯ ನಾಲ್ಕು ಅಕ್ಷರ ಮೂಲೆ ತಿರುಗಿ ಪಕ್ಕದ ಗೋಡೆಗೆ ಹೋಗಿದ್ದವು. ಅಷ್ಟು ದೂರ ನಡೆದು ಓದುವ ವ್ಯವಧಾನ ಯಾರಿಗೂ ಇರಲಿಲ್ಲ. ಮೇಲೆ ತಗಡು ಹೊದಿಸಿತ್ತು, ಜನ ತಗಡು ಎಂದರು. ಎಪ್ಪತ್ತರ ದಶಕದಲ್ಲಿ ಚಿತ್ರದುರ್ಗದವರಿಗೆ ಕೋಟೆ ಇತ್ತು, ಹಿರಿಯೂರಿನವರಿಗೆ ಹೆದ್ದಾರಿ ಇತ್ತು, ಹೊಳಲ್ಕೆರೆ ಕಡೆಯವರಿಗೆ ರೈಲಿತ್ತು. ನಮ್ಮ ಊರಿನ ಹೆಸರಿನಲ್ಲೂ ಒಂದು ರೈಲು ಸ್ಟೇಷನ್ನು ಇದೆ, ಆದರೆ ಅದನ್ನು ನೋಡಲು ಬಸ್ಸು ಹಿಡಿದು ಹೋಗಬೇಕು. ಹಾಗಾಗಿ ನೆಂಟರ ಎದುರು ಹೇಳಿಕೊಳ್ಳಲು ನಮಗಿದ್ದದ್ದು ತಗಡೊಂದೇ.

ಅದು ಮೊದಲು ಕೊಬ್ಬರಿ ತುಂಬುವ ಗೋದಾಮಾಗಿತ್ತು. ಅದರ ಮಾಲೀಕರು ನಮ್ಮ ಪಕ್ಕದ ಮನೆಯ ಸಿದ್ದಪ್ಪನವರು. ನಾನು ಹುಟ್ಟುವ ಮೊದಲು ಒಂದು ನಾಟಕ ಕಂಪನಿ ಒಂದು ತಿಂಗಳ ಮಟ್ಟಿಗೆಂದು ಅದನ್ನು ಬಾಡಿಗೆಗೆ ಹಿಡಿಯಿತಂತೆ. ಮಳೆ ಹಿಡಿಯಿತು, ಜನ ಬರಲಿಲ್ಲ, ಕಂಪನಿಯ ಯಜಮಾನ ಚಿತ್ರದುರ್ಗಕ್ಕೆ ಹೋಗಿ ಬರುತ್ತೇನೆಂದು ಹೋದವನು ಇನ್ನೂ ಬರಬೇಕಾಗಿದೆ. ನಟರು, ಹಾರ್ಮೋನಿಯಂ ಮತ್ತು ಮೂರು ಪರದೆಗಳು ಗೋದಾಮಿನಲ್ಲೇ ಉಳಿದವು. ಯಾವಾಗ ಖಾಲಿ ಮಾಡುತ್ತೀರಿ ಎಂದು ಕೇಳಲು ಸಿದ್ದಪ್ಪನವರು ಒಂದು ಮಧ್ಯಾಹ್ನ ಒಳಗೆ ಹೋದರು. ಸಂಜೆ ಹೊರಗೆ ಬರುವಾಗ ಅವರು ಒಂದು ನಾಟಕ ಕಂಪನಿಯ ಮಾಲೀಕರಾಗಿದ್ದರು. ಒಳಗೆ ಏನು ನಡೆಯಿತೆಂದು ಅವರು ಯಾರಿಗೂ ಸರಿಯಾಗಿ ಹೇಳಲಿಲ್ಲ.

ಇದ್ದದ್ದು ಮೂರೇ ಪರದೆ: ಅರಮನೆ, ಬೀದಿ, ಕಾಡು. ಪ್ರಪಂಚದಲ್ಲಿ ನಡೆಯುವ ಎಲ್ಲವೂ ಈ ಮೂರರ ಎದುರಿಗೇ ನಡೆಯಬೇಕಿತ್ತು. ಆದ್ದರಿಂದ ನಮ್ಮ ನಾಟಕಗಳಲ್ಲಿ ಶಾಲೆ ಮೇಷ್ಟರೂ ಅರಮನೆಯಲ್ಲಿ ವಾಸವಾಗಿದ್ದರು. ಮಾತುಕತೆಗಳೆಲ್ಲ ಬೀದಿಯಲ್ಲಿ ಆಗುತ್ತಿದ್ದವು. ದುಃಖ ಬಂದವರು ಕಾಡಿಗೆ ಹೋಗುತ್ತಿದ್ದರು. ಎಷ್ಟೋ ವರ್ಷ ನಾನು ಅಳಬೇಕೆನಿಸಿದಾಗ ಕಾಡಿಗೆ ಹೋಗಬೇಕು ಎಂದೇ ತಿಳಿದಿದ್ದೆ. ನಮ್ಮ ಊರಿನ ಸುತ್ತ ಇದ್ದದ್ದು ತೆಂಗಿನ ತೋಟ ಮತ್ತು ಬಯಲು. ಅಳು ಅಲ್ಲಲ್ಲೇ ಮುಗಿಯುತ್ತಿತ್ತು.

ಇಂಥ ಮಂದಿರದಿಂದ ಸಮಾಜಕ್ಕೆ ಏನು ಉಪಯೋಗವಾಯಿತು ಎಂದು ಯಾರಾದರೂ ಪ್ರಶ್ನೆಪತ್ರಿಕೆಯಲ್ಲಿ ಕೇಳಿದರೆ ನಾನು ಕಲೆ, ಸಂಸ್ಕೃತಿ ಎಂದೆಲ್ಲ ಬರೆಯುವುದಿಲ್ಲ. ಮದುವೆ ಎಂದು ಒಂದೇ ಮಾತು ಬರೆಯುತ್ತೇನೆ.

ಆಗೆಲ್ಲ ಹೆಣ್ಣು ನೋಡಲು ಗಂಡಿನ ಕಡೆಯವರು ಮನೆಗೆ ಬಂದರೆ ಇಡೀ ಬೀದಿಗೆ ಗೊತ್ತಾಗುತ್ತಿತ್ತು. ಉಪ್ಪಿಟ್ಟಿನ ಒಗ್ಗರಣೆಯ ವಾಸನೆ ಮೂರು ಮನೆ ಆಚೆಗೆ ಹೋಗುತ್ತಿತ್ತು, ಆಮೇಲೆ ಅವರು ಒಪ್ಪಲಿಲ್ಲ ಎಂಬುದೂ ಅಷ್ಟೇ ದೂರ ಹೋಗುತ್ತಿತ್ತು. ತಗಡಿನಲ್ಲಿ ಆ ತೊಂದರೆ ಇರಲಿಲ್ಲ. ಸಂತೆಯ ದಿನ ಮಧ್ಯಾಹ್ನ ಎರಡು ಗಂಟೆಗೆ ಒಂದು ಆಟ ಇರುತ್ತಿತ್ತು. ಸಂತೆಗೆ ಬಂದವರು ಆಟ ನೋಡಿಕೊಂಡು ಸಂಜೆಯ ಬಸ್ಸಿಗೆ ಊರು ಸೇರುತ್ತಿದ್ದರು. ಹೆಣ್ಣಿನ ಕಡೆಯವರೂ ನಾಟಕ ನೋಡಲು ಬಂದವರು, ಗಂಡಿನ ಕಡೆಯವರೂ ನಾಟಕ ನೋಡಲು ಬಂದವರು. ಯಾರೂ ಯಾರನ್ನೂ ಮಾತಾಡಿಸುತ್ತಿರಲಿಲ್ಲ. ಒಪ್ಪಿದರೆ ಮಾತು ಮುಂದುವರಿಯುತ್ತಿತ್ತು, ಒಪ್ಪದಿದ್ದರೆ ಎರಡೂ ಕಡೆಯವರು ಒಂದು ನಾಟಕ ನೋಡಿದಂತಾಗುತ್ತಿತ್ತು. ಬೇಡ ಎಂದವರೂ ಇಲ್ಲ, ಬೇಡ ಎನಿಸಿಕೊಂಡವರೂ ಇಲ್ಲ.

ಗಂಡಸರಿಗೂ ಹೆಂಗಸರಿಗೂ ನಡುವೆ ಬಿದಿರಿನ ತಟ್ಟಿ ಕಟ್ಟಿದ್ದರು. ಇಂಟರ್ವಲ್ಲಿನಲ್ಲಿ ಸೋಡ, ಕಡಲೆಕಾಯಿ ಮಾರುವವರು ಓಡಾಡಲೆಂದು ಅದನ್ನು ಸುತ್ತಿ ಮೇಲಕ್ಕೆ ಕಟ್ಟುತ್ತಿದ್ದರು. ಹೆಣ್ಣನ್ನು ಹೆಂಗಸರ ಕಡೆಯ ಮೂರನೇ ಕಂಬಕ್ಕೆ ಒರಗಿ ಕೂರಿಸುವುದು ಪದ್ಧತಿ. ಮೂರನೇ ಕಂಬದ ಮೇಲೆ ತಗಡಿನಲ್ಲಿ ಒಂದು ತೂತಿತ್ತು. ಮಧ್ಯಾಹ್ನ ಸರಿಯಾದ ಹೊತ್ತಿಗೆ ಅದರಿಂದ ಬಿಸಿಲು ಇಳಿದು ಅಲ್ಲಿ ಕೂತವರ ಮುಖದ ಮೇಲೆ ಬೀಳುತ್ತಿತ್ತು. ಮಳೆಗಾಲದಲ್ಲಿ ಸೋರುತ್ತದೆ, ಮುಚ್ಚಿಸಿ ಎಂದು ಯಾರಾದರೂ ಹೇಳಿದರೆ ಸಿದ್ದಪ್ಪನವರು, "ಅದು ಸೋರಾಕೆ ಅಂತ ಇರೋದಲ್ಲಪ್ಪ" ಎನ್ನುತ್ತಿದ್ದರು. ಅವರು ಇಂಟರ್ವಲ್ ಬಿಡುತ್ತಿದ್ದುದು ಕಥೆಯ ಅನುಕೂಲ ನೋಡಿಯಲ್ಲ, ಬಿಸಿಲಿನ ಅನುಕೂಲ ನೋಡಿ. ಒಮ್ಮೆ ನಾಟಕದಲ್ಲಿ ಸೊಸೆಯ ಸೊಂಟದ ಬೀಗದ ಕೈಗೆ ಅತ್ತೆ ಕೈ ಹಾಕಿದ ಹೊತ್ತಿಗೇ ಬಿಸಿಲು ಬಂತು. ಅತ್ತೆ ಹದಿನೈದು ನಿಮಿಷ ಬಿಟ್ಟು, ಸೋಡ ಕುಡಿದು ಬಂದು ಕಿತ್ತುಕೊಂಡಳು. ನಮ್ಮ ತಾಲ್ಲೂಕಿನ ಎಷ್ಟೋ ಸಂಸಾರಗಳು ಆ ತೂತಿನಿಂದ ಇಳಿದು ಬಂದವು. ಅವುಗಳಲ್ಲಿ ಕೆಲವು ಚೆನ್ನಾಗಿಯೂ ಇವೆ.

ಸಂತೆಯ ದಿನ ಯಾವಾಗಲೂ ಒಂದೇ ನಾಟಕ, 'ಬೀಗದ ಕೈಗೊಂಚಲು'. ಮಿಕ್ಕ ದಿನಗಳಲ್ಲಿ ಬೇರೆ ಬೇರೆ ಆಟಗಳಿದ್ದವು. ಒಮ್ಮೆ ಸಂತೆಯ ದಿನವೂ ಬೇರೆ ಆಟ ಇಟ್ಟು, ಅದರಲ್ಲಿ ಹೆಂಡತಿಯೊಬ್ಬಳು ಗಂಡನಿಗೆ ಎದುರು ಮಾತಾಡಿ, ಅವತ್ತು ನೋಡಲು ಬಂದಿದ್ದ ಮೂರು ಸಂಬಂಧಗಳೂ ಮುರಿದುಬಿದ್ದವಂತೆ. ಅಂದಿನಿಂದ ಸಿದ್ದಪ್ಪನವರು ಪ್ರಯೋಗ ಮಾಡಲಿಲ್ಲ. 'ಬೀಗದ ಕೈಗೊಂಚಲು' ಯಾರಿಗೂ ತಕರಾರಿಲ್ಲದ ಕಥೆ. ಸುಶೀಲೆ ಎಂಬ ಸೊಸೆ. ಕಳ್ಳತನದ ಸುಳ್ಳು ಆಪಾದನೆ. ಅತ್ತೆ ಬೀಗದ ಕೈ ಕಿತ್ತುಕೊಂಡು ಹೊರಗೆ ಹಾಕುತ್ತಾಳೆ, ಆ ಗಳಿಗೆಯಲ್ಲಿ ಹೆಂಗಸರ ಕಡೆ ಎಲ್ಲರೂ ತಂತಮ್ಮ ಸೊಂಟ ಮುಟ್ಟಿಕೊಂಡು ಜಣಜಣ ಸದ್ದಾಗುತ್ತಿತ್ತು. ಸುಶೀಲೆ ಕಾಡಿಗೆ ಹೋಗಿ ಒಬ್ಬಳೇ ನಿಂತು ಬಹಳ ಹೊತ್ತು ದುಃಖಪಡುತ್ತಾಳೆ. ಕೊನೆಗೆ ನಿಜ ತಿಳಿದು ಅತ್ತೆಯೇ ಬಂದು ಬೀಗದ ಕೈ ಕೊಡುತ್ತಾಳೆ. ಅತ್ತೆಯಾಗುವವರು ಸೊಸೆಯಾಗುವವಳಿಗೆ ತೋರಿಸಬೇಕಾದದ್ದೂ, ಸೊಸೆಯಾಗುವವಳು ಅತ್ತೆಯಾಗುವವರಿಗೆ ತೋರಿಸಬೇಕಾದದ್ದೂ ಎರಡೂ ಅದರಲ್ಲಿದ್ದವು.

ನನ್ನ ಅಕ್ಕ ಗಿರಿಜ ಆ ನಾಟಕವನ್ನು ಎರಡು ವರ್ಷದಲ್ಲಿ ಹನ್ನೊಂದು ಸಲ ನೋಡಿದಳು.

ಅಕ್ಕನಲ್ಲಿ ದೋಷವೇನೂ ಇರಲಿಲ್ಲ, ಎತ್ತರವಿತ್ತು. ಅವಳು ಕೂತಾಗ ಆದ ಒಪ್ಪಿಗೆ ಎದ್ದು ನಿಂತಾಗ ತಪ್ಪಿಹೋಗುತ್ತಿತ್ತು. ಗಂಡಿನ ಕಡೆಯವರಿಗೆ ಒಪ್ಪಿಗೆಯಾದರೆ ಇಂಟರ್ವಲ್ಲಿನಲ್ಲಿ ಹೆಣ್ಣಿನ ತಾಯಿಗೆ ಒಂದು ಕಲರ್ ಸೋಡ ಕಳಿಸುತ್ತಿದ್ದರು. ಆಗದಿದ್ದರೆ ಏನೂ ಬರುತ್ತಿರಲಿಲ್ಲ. ಹನ್ನೊಂದರಲ್ಲಿ ನಾಲ್ಕು ಸಲ ಸೋಡ ಬಂದಿತ್ತು. ಅವ್ವ ಆತಂಕದಲ್ಲಿ ಅದನ್ನು ಮುಟ್ಟುತ್ತಿರಲಿಲ್ಲ, ಆದ್ದರಿಂದ ನಾಲ್ಕನ್ನೂ ನಾನೇ ಕುಡಿದೆ. ನನಗೆ ಆಗ ಹದಿನಾರು ವರ್ಷ. ಅಕ್ಕನ ಭವಿಷ್ಯದ ಬಗ್ಗೆ ನನಗಿದ್ದ ಕಾಳಜಿಯಲ್ಲಿ ಸೋಡದ ಪಾಲೂ ಇತ್ತು ಎಂದು ಈಗ ಒಪ್ಪಿಕೊಳ್ಳಬಹುದು.

ಸೋಡ ಬಂದ ನಾಲ್ಕು ಸಲವೂ ಆಟ ಮುಗಿದು ಅಕ್ಕ ಎದ್ದು ನಿಂತ ಕೂಡಲೆ ಗಂಡಿನ ಕಡೆಯವರು ಅವಳ ತಲೆಯಿಂದ ಕಾಲಿನವರೆಗೆ ಒಮ್ಮೆ, ತಮ್ಮ ಹುಡುಗನ ತಲೆಯಿಂದ ಕಾಲಿನವರೆಗೆ ಒಮ್ಮೆ ನೋಡಿ, ಸಂತೆಯ ಕಡೆಗೆ ಹೊರಟುಬಿಟ್ಟಿದ್ದರು. ಅದಕ್ಕೆ ಅವ್ವ ಒಂದು ಉಪಾಯ ಕಲಿಸಿದಳು. ಆಟ ಮುಗಿದ ಮೇಲೆ ಅಕ್ಕ ಬಗ್ಗಿ ಚಪ್ಪಲಿ ಹುಡುಕಬೇಕು, ಗಂಡಿನ ಕಡೆಯವರು ಹೋಗುವ ತನಕ ಹುಡುಕುತ್ತಲೇ ಇರಬೇಕು. ಅಕ್ಕ ಹಾಗೇ ಮಾಡಿದಳು. ಚಪ್ಪಲಿಗಳು ಕಂಬದ ಪಕ್ಕದಲ್ಲೇ, ಎಲ್ಲರಿಗೂ ಕಾಣುವ ಹಾಗೆ ಇರುತ್ತಿದ್ದವು. ಅವಳು ಅವನ್ನು ಬಿಟ್ಟು ಉಳಿದೆಡೆಯೆಲ್ಲ ಹುಡುಕುತ್ತಿದ್ದಳು. ಹತ್ತನೆಯವರು "ಹುಡುಗಿಗೆ ಕಣ್ಣು ಸಾಲ್ದು" ಎಂದು ಹೇಳಿಕಳಿಸಿದರು.

ಇದನ್ನೆಲ್ಲ ಒಬ್ಬರು ಗಮನಿಸುತ್ತಿದ್ದರು. ಸುಶೀಲೆಯ ಪಾತ್ರ ಮಾಡುತ್ತಿದ್ದ ಚಂದ್ರಮ್ಮ. ಅವರಿಗೆ ಆಗ ಐವತ್ತು ದಾಟಿತ್ತು. ಕಂಪನಿ ಬಂದ ದಿನದಿಂದ ಅವರೇ ಸುಶೀಲೆ. ಸುಶೀಲೆಯ ಅತ್ತೆ ಮಾಡುತ್ತಿದ್ದವರು ಅವರಿಗಿಂತ ಹದಿನೈದು ವರ್ಷ ಚಿಕ್ಕವರು. ಒಂದು ಸಲ ಆಟ ಮುಗಿದ ಮೇಲೆ ಚಂದ್ರಮ್ಮ ಬಣ್ಣ ತೊಳೆಯದೆ ನೀರಿಗೆಂದು ನಮ್ಮ ಕಡೆ ಬಂದರು. ಅಕ್ಕ ಬಗ್ಗಿ ಹುಡುಕುತ್ತಿದ್ದಳು. ಚಂದ್ರಮ್ಮ ಚೊಂಬು ಕೆಳಗಿಟ್ಟು, ಚಪ್ಪಲಿಗಳನ್ನು ಕಾಲಿನಿಂದ ಅವಳ ಮುಂದಕ್ಕೆ ಸರಿಸಿ, "ಇಲ್ಲೇ ಅವೆ ಕಣವ್ವ. ಹಾಕ್ಕಂಡು ನೆಟ್ಟಗೆ ಹೋಗು" ಎಂದರು. ಅಕ್ಕನಿಗೆ ಯಾರೂ ಆ ಮಾತನ್ನು ಹೇಳಿರಲಿಲ್ಲ. ಅವಳು ಅವತ್ತು ನೆಟ್ಟಗೇ ಹೋದಳು. ಗಂಡಿನ ಕಡೆಯವರು ಆಗಲೇ ಹೋಗಿಯಾಗಿತ್ತು.

ಹನ್ನೊಂದನೆಯದೂ ಆಗಲಿಲ್ಲವೆಂದಾಗ ಅಪ್ಪ ಮಾತು ಕಡಿಮೆ ಮಾಡಿದರು. ಮತ್ತೋಡಿನಿಂದ ಒಂದು ಎರಡನೇ ಸಂಬಂಧ ಬಂದಿತ್ತು. ಹೆಂಡತಿ ತೀರಿಕೊಂಡಿದ್ದರು, ಇಬ್ಬರು ಮಕ್ಕಳು, ಒಳ್ಳೆಯ ಜಮೀನು. ಅವರು ಅಪ್ಪನಿಗಿಂತ ನಾಲ್ಕು ವರ್ಷ ಚಿಕ್ಕವರು. ಅವರಿಗೆ ಎತ್ತರದ ಬಗ್ಗೆ ತಕರಾರಿರಲಿಲ್ಲ, ತಗಡಿಗೆ ಬಂದು ನೋಡುವ ಅಗತ್ಯವೂ ಇರಲಿಲ್ಲ. "ಇನ್ನೊಂದು ನೋಡಾಣ. ಆಗ್ಲಿಲ್ಲ ಅಂದ್ರೆ ಮತ್ತೋಡಿಗೆ ಹೂಂ ಅನ್ನಾಣ" ಎಂದು ಅಪ್ಪ ಗೋಡೆಗೆ ಹೇಳಿದರು. ಅಕ್ಕ ಆ ಗೋಡೆಯ ಪಕ್ಕದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅವಳು ಅವತ್ತು ಅದೇ ಅಕ್ಕಿಯನ್ನು ಎರಡು ಸಲ ಆರಿಸಿದಳು. ನನಗೆ ಜೀವಮಾನದಲ್ಲಿ ಮೊದಲ ಸಲ ಸೋಡ ಬೇಡವೆನಿಸಿತು.

ಆ ಇನ್ನೊಂದು ಸಂಬಂಧ ಐಮಂಗಲದ್ದು. ಹುಡುಗನ ಹೆಸರು ಪಾಲಾಕ್ಷಪ್ಪ, ಹೆದ್ದಾರಿಯ ಪಕ್ಕ ಲಾರಿ ಟೈರಿನ ಅಂಗಡಿ. ತಂದೆ ಇಲ್ಲ, ಎಲ್ಲವೂ ತಾಯಿ ಶಿವಮ್ಮನವರದೇ ಮಾತು. ಅವರು ಸಂಬಂಧ ತಂದಿದ್ದ ಸಿದ್ದಪ್ಪನವರಿಗೆ ಮುಂಚೆಯೇ ಒಂದು ಮಾತು ಹೇಳಿದ್ದರು: "ಎತ್ತರ ಇದ್ರೆ ಇರ್ಲಿ, ಬಣ್ಣ ಕಮ್ಮಿ ಇದ್ರೆ ಇರ್ಲಿ. ಹತ್ತು ಜನ ನೋಡಿ ಬಿಟ್ಟಿರೋ ಹುಡುಗಿ ಮಾತ್ರ ನಮಗೆ ಬ್ಯಾಡ. ಅಷ್ಟು ಜನ ಬಿಟ್ಟಾರೆ ಅಂದ್ರೆ ನಮಗೆ ಕಾಣ್ದೇ ಇರೋದು ಏನೋ ಐತೆ." ಸಿದ್ದಪ್ಪನವರು ಎದೆಯ ಮೇಲೆ ಕೈಯಿಟ್ಟು, "ತಾಯಿ, ಹುಡುಗಿ ತಗಡಿಗೆ ಕಾಲಿಡ್ತಿರೋದೇ ಇದೇ ಮೊದ್ಲು" ಎಂದುಬಿಟ್ಟರು. ತಗಡು ನಡೆಸಿ ನಡೆಸಿ ಅವರಿಗೆ ಸುಳ್ಳಿನಲ್ಲೂ ಅಭಿನಯ ಬಂದಿತ್ತು. ಮನೆಗೆ ಬಂದು ಅವ್ವನಿಗೆ, "ಏನಾದ್ರೂ ಕೇಳಿದ್ರೆ ನಾಟಕ ಗೊತ್ತೇ ಇಲ್ದಂಗೆ ಇರ್ಬೇಕು ನೋಡವ್ವ" ಎಂದು ಎಚ್ಚರಿಸಿದರು. ಅವ್ವ ನನಗೆ ಎಚ್ಚರಿಸಿದಳು. ಹಿಂದಿನ ವರ್ಷ ನಾನು ಕೊನೆಯ ದೃಶ್ಯಕ್ಕೆ ಮುಂಚೆಯೇ ಕಣ್ಣೀರು ಒರೆಸಿಕೊಂಡಿದ್ದೆ.

ಸಂತೆಯ ದಿನ ಹಿರಿಯೂರಿನ ಬಸ್ಸಿನಲ್ಲಿ ಐಮಂಗಲದವರು ಬಂದರು. ಅದೇ ದಿನ ಬೆಳಗಿನ ಬಸ್ಸಿನಲ್ಲಿ ತಗಡಿನ ಪ್ರಾಂಪ್ಟರ್ ಶೇಷಪ್ಪ ಹೊಳಲ್ಕೆರೆಗೆ ಒಂದು ನಾಮಕರಣಕ್ಕೆ ಹೋದವನು ಮಧ್ಯಾಹ್ನವಾದರೂ ವಾಪಸು ಬರಲಿಲ್ಲ. ಪ್ರಾಂಪ್ಟರ್ ಎಂದರೆ ಪರದೆಯ ಪಕ್ಕದಲ್ಲಿ ಮರೆಯಾಗಿ ಕೂತು, ಪುಸ್ತಕ ನೋಡಿಕೊಂಡು ನಟರಿಗೆ ಮಾತು ಮಾತಿಗೂ ಮೊದಲೇ ಪಿಸುಗುಡುವವನು. ಪುಸ್ತಕ ಒಂದೇ ಇತ್ತು, ಶೇಷಪ್ಪ ಅದನ್ನು ಯಾರನ್ನೂ ನಂಬದೆ ಕೈಚೀಲದಲ್ಲೇ ಇಟ್ಟುಕೊಂಡಿರುತ್ತಿದ್ದ. ಹೀಗೆ 'ಬೀಗದ ಕೈಗೊಂಚಲು' ಹೊಳಲ್ಕೆರೆಯಲ್ಲಿ ನಾಮಕರಣದ ಊಟ ಮಾಡುತ್ತಿತ್ತು. ಒಂದೇ ನಾಟಕ ಇಷ್ಟು ವರ್ಷ ಆಡಿದವರಿಗೆ ಪುಸ್ತಕ ಯಾಕೆ ಬೇಕು ಎಂದು ನೀವು ಕೇಳಬಹುದು. ದಿನವೂ ಯಾರೋ ಹೇಳಿಕೊಡುವ ಮಾತನ್ನು ಯಾರೂ ಬಾಯಿಪಾಠ ಮಾಡುವುದಿಲ್ಲ. ಚಂದ್ರಮ್ಮ ಇಪ್ಪತ್ತು ವರ್ಷ ಶೇಷಪ್ಪನನ್ನು ಕೇಳಿಕೊಂಡು ಸುಶೀಲೆಯಾಗಿದ್ದರು.

ಮೊದಲರ್ಧ ಹೇಗೋ ಸಾಗಿತು. ಜೊತೆಯ ನಟರು ಪ್ರಶ್ನೆಯಲ್ಲೇ ಉತ್ತರ ಇಟ್ಟು ಕೊಟ್ಟರು. "ಸುಶೀಲೆ, ನೀನು ಬೆಳಿಗ್ಗೆ ನೀರಿಗೆ ಹೋದಾಗ ಬಾಗಿಲು ತೆರೆದಿತ್ತು ಎಂದು ಹೇಳಬೇಕೆಂದಿರುವೆಯಲ್ಲವೇ?" ಎಂದು ಅತ್ತೆ ಕೇಳಿದರೆ ಚಂದ್ರಮ್ಮ "ಹೌದು" ಎಂದು ಕಣ್ಣೊರೆಸಿಕೊಳ್ಳುತ್ತಿದ್ದರು. ಬಿಸಿಲು ಬಂತು, ಇಂಟರ್ವಲ್ ಆಯಿತು, ತಟ್ಟಿ ಮೇಲೆ ಹೋಯಿತು. ಅಕ್ಕ ಮೂರನೇ ಕಂಬಕ್ಕೆ ಒರಗಿ, ತಲೆ ತಗ್ಗಿಸಿ, ಮುಖದ ಮೇಲೆ ಬಿಸಿಲು ಬಿಟ್ಟುಕೊಂಡು ಕೂತಿದ್ದಳು. ಶಿವಮ್ಮನವರು ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದು ಒರೆಸಿ ಮತ್ತೆ ಹಾಕಿಕೊಂಡು ನೋಡಿದರು. ಪಾಲಾಕ್ಷಪ್ಪನವರು ಒಂದೇ ಸಲ ನೋಡಿ ಆಮೇಲೆ ಕಡಲೆಕಾಯಿ ಸುಲಿಯುತ್ತ ಕೂತರು, ಸುಲಿದದ್ದನ್ನು ತಿನ್ನಲಿಲ್ಲ. ಕಲರ್ ಸೋಡ ಬಂತು. ಅವ್ವ ಅದನ್ನು ಮಡಿಲಲ್ಲಿಟ್ಟುಕೊಂಡು ಹಿಡಿದಳು, ನನಗೆ ಕೊಡಲಿಲ್ಲ.

ತಟ್ಟಿ ಇಳಿಯಿತು. ಕಾಡಿನ ಪರದೆ ಬಂತು. ಸುಶೀಲೆ ಕಾಡಿಗೆ ಬಂದು ನಿಂತಳು.

ಕಾಡಿನಲ್ಲಿ ಅವಳ ಜೊತೆ ಯಾರೂ ಇರಲಿಲ್ಲ. ಪ್ರಶ್ನೆ ಕೇಳಲು ಅತ್ತೆಯೂ ಇಲ್ಲ, ಗಂಡನೂ ಇಲ್ಲ, ಇದ್ದದ್ದು ಹುಲಿ ಮತ್ತು ಜಿಂಕೆ. ಹಾರ್ಮೋನಿಯಂ ಒಂದು ಸಲ ದುಃಖದ ರಾಗ ನುಡಿಸಿ ನಿಲ್ಲಿಸಿತು. ಚಂದ್ರಮ್ಮ ಬಾಯಿ ತೆರೆದು ಮುಚ್ಚಿದರು. ಹಾರ್ಮೋನಿಯಂ ಇನ್ನೊಂದು ಸಲ ನುಡಿಸಿತು. ಚಂದ್ರಮ್ಮ ಶೇಷಪ್ಪ ಕೂರುತ್ತಿದ್ದ ಜಾಗವನ್ನು ನೋಡಿದರು, ಅಲ್ಲಿ ಖಾಲಿ ಸ್ಟೂಲಿತ್ತು. ಗಂಡಸರ ಕಡೆಯಿಂದ ಯಾರೋ, "ಏನವ್ವ, ಕಾಡ್ನಾಗೆ ದಾರಿ ತಪ್ಪಿತೇನು" ಎಂದರು, ಎಲ್ಲರೂ ನಕ್ಕರು. ಕಡಲೆಕಾಯಿ ಸಿಪ್ಪೆಯೊಂದು ಹಾರಿಬಂದು ಅವರ ಸೆರಗಿನ ಮೇಲೆ ಕೂತಿತು. ಅವರು ಅದನ್ನು ಝಾಡಿಸಲಿಲ್ಲ. ಬಣ್ಣ ಹಚ್ಚಿದ ಮುಖದಲ್ಲಿ ಅವರ ವಯಸ್ಸು ನನಗೆ ಅವತ್ತು ಮೊದಲ ಸಲ ಕಾಣಿಸಿತು.

ಆಗ ನನ್ನ ಪಕ್ಕದಲ್ಲಿ ಅಕ್ಕ, ಬಹಳ ಮೆಲ್ಲಗೆ, "ಎಲೈ ಮರಗಳೇ, ನಿಮಗಾದರೂ ಬೇರುಂಟು" ಎಂದಳು.

ಅವ್ವ ಅವಳ ತೊಡೆ ಚಿವುಟಿದಳು. ಅವ್ವನ ಚಿವುಟು ಸಣ್ಣದಲ್ಲ, ನನಗೆ ಗೊತ್ತು. ಆದರೆ ಚಂದ್ರಮ್ಮನಿಗೆ ಕೇಳಿಸಿಯಾಗಿತ್ತು. ಅವರು ತಲೆಯೆತ್ತಿ, "ಎಲೈ ಮರಗಳೇ, ನಿಮಗಾದರೂ ಬೇರುಂಟು" ಎಂದು ದೊಡ್ಡ ದನಿಯಲ್ಲಿ ಹೇಳಿದರು. ನಗು ನಿಂತಿತು. "ನನಗೆ ನಿಲ್ಲಲು ನೆಲವಿಲ್ಲ" ಎಂದಳು ಅಕ್ಕ. "ನನಗೆ ನಿಲ್ಲಲು ನೆಲವಿಲ್ಲ" ಎಂದರು ಚಂದ್ರಮ್ಮ. ಮಾತು ಎರಡು ಎರಡು ಸಲ ಕೇಳಿಸತೊಡಗಿತು, ಮೊದಲು ಸಣ್ಣಗೆ ಮೂರನೇ ಕಂಬದಿಂದ, ಆಮೇಲೆ ದೊಡ್ಡದಾಗಿ ಕಾಡಿನಿಂದ. ಹಾರ್ಮೋನಿಯಂ ಮೇಷ್ಟ್ರು ಹುರುಪಿನಲ್ಲಿ ಜೋರಾಗಿ ನುಡಿಸಿದಾಗ ಅಕ್ಕನ ದನಿ ಚಂದ್ರಮ್ಮನನ್ನು ಮುಟ್ಟಲಿಲ್ಲ. ಅವರು ಮತ್ತೆ ತಡವರಿಸಿದರು. ಅಕ್ಕ ಎದ್ದು ನಿಂತಳು.

ತಟ್ಟಿಯ ಮೇಲಿನಿಂದ ಅವಳ ತಲೆ ಗಂಡಸರ ಕಡೆಗೆ ಕಾಣುತ್ತಿತ್ತು. ನಿಂತುಕೊಂಡೇ ಪೂರ್ತಿ ಹೇಳಿದಳು. "ಹುಟ್ಟಿದ ಮನೆಯ ಬಾಗಿಲು ಮದುವೆಯ ದಿನ ಮುಚ್ಚಿತು. ಮೆಟ್ಟಿದ ಮನೆಯ ಬಾಗಿಲು ಇಂದು ಮುಚ್ಚಿತು. ಈ ಬರಿಗೈಯನ್ನಾದರೂ ನೋಡಿ ಹೇಳಿ, ಇದು ಕದ್ದ ಕೈಯೇ?" ಒಂದೊಂದು ಮಾತು ಹೇಳಿದಾಗಲೂ ಅವಳನ್ನು ನೋಡಿ ಹೋದವರ ಲೆಕ್ಕ ತಾನೇ ಕೊಡುತ್ತಿದ್ದಳು. ನಾಟಕವನ್ನು ಒಂದೋ ಎರಡೋ ಸಲ ನೋಡಿದವರಿಗೆ ಕಥೆ ಗೊತ್ತಿರುತ್ತದೆ, ಇಷ್ಟು ಮಾತು ಗೊತ್ತಿರುವುದಿಲ್ಲ. ಅವ್ವ ಚಿವುಟುವುದನ್ನು ನಿಲ್ಲಿಸಿ ಸೋಡದ ಬಾಟಲಿಯ ಗೋಲಿಯನ್ನೇ ನೋಡುತ್ತ ಕೂತಳು. ತಗಡಿನಲ್ಲಿ ಅವತ್ತು ಬಿದ್ದಷ್ಟು ಚಪ್ಪಾಳೆ ಮತ್ತೆಂದೂ ಬೀಳಲಿಲ್ಲ. ಅದು ಯಾರಿಗೆ ಬಿತ್ತು ಎಂಬ ವಿಷಯದಲ್ಲಿ ಊರಿನಲ್ಲಿ ಇನ್ನೂ ಎರಡು ಅಭಿಪ್ರಾಯಗಳಿವೆ.

ಆಟ ಮುಗಿದು ಹೊರಗೆ ಬರುವಾಗ ಶಿವಮ್ಮನವರು ತಗಡಿನ ಬಾಗಿಲಲ್ಲೇ ನಿಂತಿದ್ದರು, ಪಕ್ಕದಲ್ಲಿ ಮಗ. ಗಂಡಿನ ಕಡೆಯವರು ಹೀಗೆ ನಿಂತು ಕಾಯುವ ಪದ್ಧತಿಯೇ ಇರಲಿಲ್ಲ. ಸಿದ್ದಪ್ಪನವರು ಅವರನ್ನು ದಾಟಿ ಹೋಗಲು ನೋಡಿದರು.

"ನಿಂತ್ಕಳ್ರಿ ಸಿದ್ದಪ್ಪ" ಎಂದರು ಶಿವಮ್ಮನವರು. "ಹುಡುಗಿ ತಗಡಿಗೆ ಬಂದಿದ್ದು ಇದೇ ಮೊದ್ಲು ಅಂದಿದ್ರಿ. ಮೊದ್ಲನೇ ಸಲಕ್ಕೇ ಬಾಯಿಪಾಠ ಆಗ್ತೈತೇನ್ರಿ?"

ಸಿದ್ದಪ್ಪನವರಿಗೆ ಪ್ರಾಂಪ್ಟರ್ ಬೇಕಾಗಿತ್ತು. ಅವರು ಗೋಡೆಯ ಮೇಲಿನ ಹೆಸರಿನ ಕೊನೆಯ ನಾಲ್ಕು ಅಕ್ಷರಗಳನ್ನು ಓದಲು ಶುರುಮಾಡಿದರು.

"ಹನ್ನೊಂದು ಸಲ ನೋಡೀನಿ" ಎಂದಳು ಅಕ್ಕ. "ಇವತ್ತಿಂದು ಸೇರಿದ್ರೆ ಹನ್ನೆರಡು."

ಅವ್ವ ನನ್ನ ತೋಳು ಹಿಡಿದುಕೊಂಡಳು. ನನಗೆ ಮತ್ತೋಡಿನವರ ನರೆತ ಮೀಸೆ ಕಣ್ಣಮುಂದೆ ಬಂತು. ಶಿವಮ್ಮನವರು ಅಕ್ಕನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಮಗನ ಕಡೆ ತಿರುಗಿ ನೋಡಲಿಲ್ಲ.

"ಹನ್ನೆರಡು ಸಲ ನೋಡಿಯೂ ಒಂದು ಮಾತು ಬಿಟ್ಟೆಯಲ್ಲ" ಎಂದರು. "ಮೆಟ್ಟಿದ ಮನೆ ಬಾಗ್ಲು ಮುಚ್ಚಿತು ಅಂದಾದ್ಮೇಲೆ, 'ಯಾರಿಗೂ ಬೇಡವಾದವಳು ನಾನು' ಅಂತ ಬರ್ತೈತೆ. ಅದನ್ನ ಹೇಳ್ಲೇ ಇಲ್ಲ."

ಆ ಮಾತು ಬರುವ ಜಾಗ ಇಷ್ಟು ಸರಿಯಾಗಿ ಗೊತ್ತಿರಬೇಕಾದರೆ ಐಮಂಗಲದವರು ಹೊಸದುರ್ಗಕ್ಕೆ ಎಷ್ಟು ಸಲ ಬಂದಿರಬೇಕು ಎಂದು ನಾವೆಲ್ಲರೂ ಮನಸ್ಸಿನಲ್ಲೇ ಎಣಿಸತೊಡಗಿದ್ದೆವು. ತಾವು ಏನು ಹೇಳಿಬಿಟ್ಟೆವೆಂದು ಶಿವಮ್ಮನವರಿಗೂ ಹೊಳೆಯಿತು. ಅವರು ಕನ್ನಡಕ ತೆಗೆದರು.

ಪಾಲಾಕ್ಷಪ್ಪನವರು ಅಲ್ಲಿಯವರೆಗೆ ಮೂಗನಂತೆ ನಿಂತಿದ್ದವರು, "ನಮ್ದು ಏಳ್ನೇ ಸಲ" ಎಂದರು. ಕೇಳದೇ ಇದ್ದರೂ, "ಮೂರು ಸಲ ಅವ್ರೇ ಬ್ಯಾಡ ಅಂದ್ರು" ಎಂದು ಸೇರಿಸಿದರು. ಈಗ ನನ್ನ ಭಾವನಾಗಿ ಇಷ್ಟು ವರ್ಷವಾದರೂ ಅವರು ಒಂದೇ ಉಸಿರಿನಲ್ಲಿ ಅಷ್ಟು ಮಾತಾಡಿದ್ದನ್ನು ನಾನು ಇನ್ನೊಂದು ಸಲ ಕೇಳಿಲ್ಲ.

ಶಿವಮ್ಮನವರು ಅಕ್ಕನನ್ನೇ ಕೇಳಿದರು.

"ಆ ಮಾತು ಮರ್ತು ಹೋಗಿತ್ತೇನು?"

"ಇಲ್ರಿ" ಎಂದಳು ಅಕ್ಕ. "ಗೊತ್ತಿತ್ತು. ಹೇಳಾಕೆ ಇಷ್ಟ ಆಗ್ಲಿಲ್ಲ."

ಹನ್ನೊಂದು ಸಲ, ಇಂಟರ್ವಲ್ ಮುಗಿದ ಕೂಡಲೆ, ಮುಖದ ಮೇಲಿನ ಬಿಸಿಲು ಇನ್ನೂ ಆರದಿರುವಾಗ, ಅಕ್ಕ ಆ ಕಂಬಕ್ಕೆ ಒರಗಿ ಆ ಮಾತು ಕೇಳಿಸಿಕೊಂಡಿದ್ದಳು. ನಾನು ಅಷ್ಟೂ ಸಲ ಅವಳ ಪಕ್ಕದಲ್ಲೇ ಕೂತಿದ್ದೆ, ನನಗೆ ಅದು ನಾಟಕದ ಮಾತಾಗಿಯೇ ಕೇಳಿಸಿತ್ತು. ಅದಕ್ಕಾಗಿ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಆಮೇಲಿನ ವಿಷಯ ಹೇಳುವುದಾದರೆ, ಕೆಲವು ವರ್ಷಗಳಲ್ಲಿ ತಗಡು ನಿಂತುಹೋಯಿತು. ಜನ ಮನೆಯಲ್ಲೇ ಹೆಣ್ಣು ನೋಡತೊಡಗಿದರು, ನಾಟಕಕ್ಕೆ ಬರಲು ಬೇರೆ ಕಾರಣ ಉಳಿಯಲಿಲ್ಲ. ಸಿದ್ದಪ್ಪನವರು ಅರಮನೆಯನ್ನು ಯಾವುದೋ ಹಳ್ಳಿಯ ನಾಟಕ ಮಂಡಳಿಗೆ, ಬೀದಿಯನ್ನು ಒಂದು ಟೀ ಅಂಗಡಿಗೆ ಕೊಟ್ಟರು. ಕಾಡನ್ನು ಮಾತ್ರ ಚಂದ್ರಮ್ಮ ತಾವೇ ಹೊತ್ತು ತಂದು ನಮ್ಮ ಜಗಲಿಯ ಮೇಲಿಟ್ಟು, "ಇದು ಗಿರಿಜವ್ವಂದು" ಎಂದು ಹೋದರು. ಐಮಂಗಲದ ಟೈರಿನ ಅಂಗಡಿಯಲ್ಲಿ ಕಾಡಿಗೆ ಜಾಗವಿರಲಿಲ್ಲ. ಹಾಗಾಗಿ ಅದು ನಮ್ಮಲ್ಲೇ ಉಳಿಯಿತು, ಮನೆ ಅಳಿಯನಾಗಿ ಬಂದ ನನ್ನ ಗಂಡನ ಹಾಗೆ.

ಆದರೆ ನಾನು ಹೇಳಬೇಕೆಂದಿದ್ದದ್ದು ಇದಲ್ಲ, ಆ ಸಂಜೆಯ ವಿಷಯ.

ಅಕ್ಕ ಹಾಗೆಂದ ಮೇಲೆ ಶಿವಮ್ಮನವರು ಕನ್ನಡಕವನ್ನು ನಿಧಾನವಾಗಿ ಡಬ್ಬಿಯಲ್ಲಿಟ್ಟು, ಸೊಂಟಕ್ಕೆ ಸಿಕ್ಕಿಸಿದ್ದ ಬೀಗದ ಕೈ ಸರಿಮಾಡಿಕೊಂಡು, ಸಂತೆಯ ಕಡೆ ನೋಡಿದರು. ಬಸ್ ಸ್ಟ್ಯಾಂಡು ಸಂತೆಯ ಆಚೆ ತುದಿಯಲ್ಲಿತ್ತು. ಅಲ್ಲಿಗೆ ಹೋಗಬೇಕಾದರೆ ತರಕಾರಿಯವರು, ಬಳೆಯವರು, ಹಗ್ಗದವರು, ಆಮೇಲೆ ನಮ್ಮ ಬೀದಿಯ ಎಲ್ಲ ಹೆಂಗಸರು, ಎಲ್ಲರನ್ನೂ ದಾಟಬೇಕಿತ್ತು. ತಗಡಿನಲ್ಲಿ ನೋಡಿದ ಹುಡುಗಿಯ ಜೊತೆ ಅಲ್ಲಿಯವರೆಗೆ ಯಾರೂ ನಾಲ್ಕು ಹೆಜ್ಜೆ ನಡೆದಿರಲಿಲ್ಲ.

"ಬಸ್ಸು ಹೊರಡೋ ಹೊತ್ತಾತು" ಎಂದರು ಶಿವಮ್ಮನವರು. "ಬಾರವ್ವ, ನಮ್ಮನ್ನ ಬಸ್ ಸ್ಟ್ಯಾಂಡಿನ ತನಕ ಬಿಟ್ಟು ಬರೀವಂತೆ."

ಅಕ್ಕ ಹೋದಳು. ಒಂದು ಕಡೆ ಶಿವಮ್ಮನವರು, ಇನ್ನೊಂದು ಕಡೆ ಅವಳ ಕಿವಿಯ ಎತ್ತರಕ್ಕೆ ಬರುವ ಪಾಲಾಕ್ಷಪ್ಪನವರು, ನಡುವೆ ಅವಳು. ಇಡೀ ಸಂತೆಯಲ್ಲಿ ಅವಳ ತಲೆ ಎಲ್ಲರಿಗಿಂತ ಮೇಲೆ ಕಾಣುತ್ತಿತ್ತು, ಅವಳು ಅದನ್ನು ತಗ್ಗಿಸಲಿಲ್ಲ. ಬಿಸಿಲಿಗೆ ಕಾದ ನೆಲದ ಮೇಲೆ ಬರಿಗಾಲಲ್ಲಿ ನಡೆಯುತ್ತಿದ್ದೇನೆಂದು ಅವಳಿಗೆ ನೆನಪಿರಲಿಲ್ಲ. ನಾನು ಒಳಗೆ ಓಡಿದೆ. ಚಪ್ಪಲಿಗಳು ಮೂರನೇ ಕಂಬದ ಪಕ್ಕದಲ್ಲೇ ಇದ್ದವು. ಎರಡನ್ನೂ ಕೈಯಲ್ಲಿ ಹಿಡಿದುಕೊಂಡು ಅವರ ಹಿಂದೆ ಬಸ್ ಸ್ಟ್ಯಾಂಡಿನವರೆಗೆ ನಡೆದೆ. ಅಕ್ಕ ಅವನ್ನು ಕೇಳಲಿಲ್ಲ, ನಾನೂ ಕರೆದು ಕೊಡಲಿಲ್ಲ.